ಹನೋಯ್‌ಗೆ ಬಂದ್ರೆ ಒಂದು ಬೆಳಗ್ಗೆ ಬಾನ್ ಕುವೊನ್ ಅಂಗಡಿಗೆ ಹೋಗಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಪ್ರವಾಸದ ಪುಟದಲ್ಲಿ ವಿಯೆಟ್ನಾಂ ಬಗ್ಗೆ ಬಂದ ಲೇಖನಾನ ನನ್ನ ತಂಗಿ ಫೋಟೋ ತೆಗೆದು ವಾಟ್ಸಾಪಲ್ಲಿ ಕಳ್ಸಿದ್ಲು. ಹಾಲಾಂಗ್ ಕೊಲ್ಲಿ, ಹೋ ಚಿ ಮಿನ್ ಸಮಾಧಿ, ಹಳೇ ಪೇಟೆ ಬೀದಿಗಳು ಎಲ್ಲಾ ಚೆನ್ನಾಗೇ ಬರ್ದಿದಾರೆ, ಆದ್ರೆ ಊಟದ ವಿಷಯ ಬಂದಾಗ ಮಾತ್ರ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದಾರೆ, ಅಲ್ಲಿ ನಮ್ಮವರಿಗೆ ತಿನ್ನೋಕೆ ಏನೂ ಸಿಗಲ್ಲ, ಅವಲಕ್ಕಿ ಚಟ್ನಿಪುಡಿ ಕಟ್ಕೊಂಡೇ ಹೋಗಿ ಅಂತ. ನಮ್ಮೂರು ತೀರ್ಥಹಳ್ಳಿ ಕಡೆ, ಯಜಮಾನರ ಕೆಲಸದಿಂದಾಗಿ ಈಗ ಹನೋಯಲ್ಲಿ ಸಂಸಾರ. ಆ ಸಾಲು ಓದಿದ್ಮೇಲೆ ಸುಮ್ನಿರೋಕಾಗ್ದೆ ಬರೀತಿದೀನಿ. ಉದ್ದ ಆದ್ರೆ ಕತ್ತರಿಸ್ಕೊಳ್ಳಿ, ಆದ್ರೆ ಅಂಗಡಿ ವಿಷಯ ಮಾತ್ರ ಬಿಡ್ಬೇಡಿ.

ನಮ್ಮ ಕಡೆಯಿಂದ ಇಲ್ಲಿಗೆ ಬರೋ ಟೂರ್ ಗ್ರೂಪ್‌ಗಳನ್ನ ನೋಡ್ತಾನೇ ಇರ್ತೀನಿ. ಬೆಳಗ್ಗೆ ಹೋಟೆಲ್ ಬಫೆನಲ್ಲಿ ಬ್ರೆಡ್ಡು ಜಾಮು, ಮಧ್ಯಾಹ್ನ ಬಸ್ಸಲ್ಲಿ ಕೂರ್ಸ್ಕೊಂಡು ಹೋಗಿ ಇಂಡಿಯನ್ ರೆಸ್ಟೋರೆಂಟಲ್ಲಿ ರೋಟಿ ಪನೀರು, ರಾತ್ರಿ ಮತ್ತೆ ಅದೇ. ವಯಸ್ಸಾದವರು, ಹೊರಗಿನದು ಒಗ್ಗದವರು, ವ್ರತ ನೇಮ ಇರೋರು ಹಾಗೆ ಮಾಡಿದ್ರೆ ಅದರಲ್ಲಿ ತಪ್ಪೇನಿಲ್ಲ. ಆದ್ರೆ ಊರಲ್ಲಿ ಕೋಳಿ ಮೀನು ಎಲ್ಲಾ ತಿನ್ನೋ ಜನಾನೂ ಅದೇ ಬಸ್ಸಲ್ಲಿ ಕೂತು ಅದೇ ಪನೀರ್ ತಿಂದು ವಾಪಸ್ ಹೋಗ್ತಾರಲ್ಲ, ಮುದ್ದೆ ಅನ್ನ ದೋಸೆ ಕಡುಬು ಅಂತ ಬೆಳೆದವರು ಹೀಗೆ ಅಕ್ಕಿಯಲ್ಲೇ ಬದುಕೋ ದೇಶಕ್ಕೆ ಬಂದು ಬ್ರೆಡ್ ತಿಂದು ಹೋದ್ರು ಅಂದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ. ಒಂದೇ ಒಂದು ಬೆಳಗ್ಗೆ ಬಫೆ ಬಿಟ್ಟು ಪಕ್ಕದ ಗಲ್ಲಿಗೆ ನಡ್ಕೊಂಡು ಹೋದ್ರೆ ಸಾಕು, ಅಲ್ಲೊಂದು ಬಾನ್ ಕುವೊನ್ ಅಂಗಡಿ ಇದ್ದೇ ಇರುತ್ತೆ.

ಬಾನ್ ಕುವೊನ್ ಅಂದ್ರೆ ಅಕ್ಕಿ ಹಿಟ್ಟನ್ನ ಹಬೇಲಿ ತೆಳ್ಳಗೆ ಬೇಯಿಸಿ ಒಳಗೆ ಹೂರಣ ಇಟ್ಟು ಸುತ್ತಿ ಕೊಡೋ ತಿಂಡಿ. ಉತ್ತರ ವಿಯೆಟ್ನಾಂನವರ ಬೆಳಗಿನ ತಿಂಡಿ ಇದು. ಫೋ ಅನ್ನೋ ಶಾವಿಗೆ ಸೂಪು ಲೋಕಕ್ಕೆಲ್ಲಾ ಗೊತ್ತಾಯ್ತು, ಬಾನ್ ಮೀ ಬ್ರೆಡ್ಡೂ ಗೊತ್ತಾಯ್ತು, ಆದ್ರೆ ಇದು ಅಷ್ಟಾಗಿ ಹೊರಗೆ ಹೋಗಿಲ್ಲ. ಅದಕ್ಕೆ ಕಾರಣಾನೂ ಇದೆ, ಮಾಡಿದ ತಕ್ಷಣ ತಿನ್ಬೇಕು, ಪೊಟ್ಟಣ ಕಟ್ಟಿ ಇಟ್ಕೊಂಡ್ರೆ ಒಂದಕ್ಕೊಂದು ಅಂಟ್ಕೊಂಡು ಗಟ್ಟಿಯಾಗಿ ಅದರ ಜೀವಾನೇ ಹೋಗಿಬಿಡುತ್ತೆ.

ನಾವು ಹೋಗೋ ಅಂಗಡಿ ನಮ್ಮ ಗಲ್ಲಿ ತಿರುವಿನಲ್ಲೇ ಇದೆ. ಬೋರ್ಡಲ್ಲಿ ತಿಂಡಿ ಹೆಸರು ಬಿಟ್ರೆ ಬೇರೇನೂ ಇಲ್ಲ. ಹನೋಯ್ ಹಳೇ ಮನೆಗಳು ನೋಡಿರ್ತೀರಾ, ಮುಂದೆ ಮೂರ್ನಾಲ್ಕು ಮೀಟರ್ ಅಗಲ, ಒಳಗೆ ಕೊಳವೆ ಥರ ಉದ್ದಕ್ಕೆ ಹೋಗಿರುತ್ತೆ, ಅಂಥಾದ್ದೇ ಮನೆ. ಮುಂದಿನ ಕೋಣೆ ಅಂಗಡಿ, ಹಿಂದೆ ಅಡುಗೆ, ಮೇಲೆ ಇಡೀ ಸಂಸಾರ. ಅಜ್ಜಿ, ಮಗಳು, ಅಳಿಯ, ಕಾಲೇಜಿಗೆ ಹೋಗೋ ಮೊಮ್ಮಗಳು, ಇಷ್ಟೇ ಜನ, ಕೂಲಿಗೆ ಅಂತ ಯಾರೂ ಇಲ್ಲ. ಗೋಡೆ ಮೇಲೆ ಪೂರ್ವಜರ ಫೋಟೋ, ಮುಂದೆ ಊದಿನಕಡ್ಡಿ, ಬಾಳೆಹಣ್ಣು. ಕೂರೋಕೆ ಮೊಣಕಾಲೆತ್ತರ ಕೂಡ ಇಲ್ಲದ ಪ್ಲಾಸ್ಟಿಕ್ ಸ್ಟೂಲು. ನಮ್ಮ ಅತ್ತೆಯವರು ಬಂದಾಗ ಮಂಡಿನೋವು ಅಂತ ನಿಂತೇ ಇದ್ರು, ಆ ಅಜ್ಜಿ ಮಾತಾಡ್ದೆ ಒಳಗೆ ಹೋಗಿ ಮನೆಯೊಳಗಿನ ಮರದ ಕುರ್ಚಿ ತಂದು ಹಾಕಿದ್ರು, ಅವತ್ತಿಂದ ಅತ್ತೆ ಊರಿಗೆ ವಾಪಸ್ ಹೋಗೋ ತನಕ ಆ ಕುರ್ಚಿ ಅಲ್ಲೇ ಇತ್ತು.

ಮಾಡೋ ರೀತಿ ಹೇಳ್ಲೇಬೇಕು. ಅಕ್ಕಿ ಹಳೇದಿರ್ಬೇಕು, ಜಿಗುಟು ಇರೋ ಹೊಸ ಅಕ್ಕಿ ಇದಕ್ಕೆ ಆಗಲ್ಲ. ನೆನೆಸಿ, ನುಣ್ಣಗೆ ರುಬ್ಬಿ, ಹಿಟ್ಟು ತಳಕ್ಕೆ ಕೂತ್ಮೇಲೆ ಮೇಲಿನ ನೀರು ಬಸಿದು ಹೊಸ ನೀರು ಹಾಕ್ತಾರೆ, ಇಲ್ಲಾಂದ್ರೆ ಹುಳಿ ವಾಸನೆ ಬರುತ್ತಂತೆ. ಹಾಳೆ ಹರೀಬಾರದು ಅಂತ ಕೆಲವರು ಸ್ವಲ್ಪ ಮರಗೆಣಸಿನ ಪಿಷ್ಟ ಸೇರಿಸ್ತಾರೆ. ಕೊನೆಗೆ ಹಿಟ್ಟಿನ ಹದ ಹೆಂಗಿರುತ್ತೆ ಅಂದ್ರೆ ನಮ್ಮ ನೀರುದೋಸೆ ಹಿಟ್ಟೇ, ಸೌಟಲ್ಲಿ ಎತ್ತಿದ್ರೆ ಹಾಲಿನ ಹಾಗೆ ಇಳೀಬೇಕು. ಆದ್ರೆ ಇಲ್ಲಿ ಕಾವಲಿ ಇಲ್ಲ, ಎಣ್ಣೆಯಲ್ಲಿ ಹುಯ್ಯೋದಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಕುದೀತಿರುತ್ತೆ, ಅದರ ಬಾಯಿಗೆ ಬಿಳಿ ಬಟ್ಟೆ ಬಿಗಿಯಾಗಿ ಕಟ್ಟಿರ್ತಾರೆ, ಒಂದು ಅಂಚಲ್ಲಿ ಸಣ್ಣ ಸೀಳು ಬಿಟ್ಟಿರ್ತಾರೆ, ಅಲ್ಲಿಂದಾನೇ ನೀರು ಕಮ್ಮಿ ಆದಾಗ ಹಾಕೋದು. ಆ ಬಟ್ಟೆ ಮೇಲೆ ಒಂದು ಸೌಟು ಹಿಟ್ಟು ಹಾಕಿ ಸೌಟಿನ ಬೆನ್ನಲ್ಲೇ ಸುತ್ತ ಎಳೆದು ಮುಚ್ಚಳ ಮುಚ್ಚಿದ್ರೆ ಒಂದು ನಿಮಿಷನೂ ಬೇಡ, ಮುಚ್ಚಳ ತೆಗೆದಾಗ ಬಿಳಿ ಹೋಗಿ ಒಳಗಿನ ಬಟ್ಟೆ ನೂಲು ಕಾಣೋ ಹಾಗೆ ಪಾರದರ್ಶಕ ಆಗಿರುತ್ತೆ.

ಅದನ್ನ ಎಬ್ಬಿಸೋದೇ ವಿದ್ಯೆ. ಚಪ್ಪಟೆ ಬಿದಿರಿನ ಕಡ್ಡಿ ಒಂದಿರುತ್ತೆ, ಉದ್ದಕ್ಕೆ ಸ್ಕೇಲಿನ ಥರ. ಅಜ್ಜಿ ಅದನ್ನ ಹಾಳೆ ಅಂಚಿನ ಕೆಳಗೆ ತೂರಿಸಿ ಅರ್ಧಕ್ಕೆ ತಂದು ಮೇಲೆತ್ತಿದ್ರೆ ಇಡೀ ಹಾಳೆ ಕಡ್ಡಿ ಎರಡೂ ಕಡೆ ಜೋತುಬೀಳುತ್ತೆ, ಎಲ್ಲೂ ಹರಿದಿರಲ್ಲ, ಎಣ್ಣೆ ಸವರಿದ ತಟ್ಟೆ ಮೇಲೆ ಹಾಗೇ ಬಿಡಿಸಿ ಹಾಸ್ತಾರೆ, ಅಷ್ಟೊತ್ತಿಗೆ ಬಲಗೈ ಮುಂದಿನ ಸೌಟು ಹಿಟ್ಟು ಹಾಕಿ ಆಗಿರುತ್ತೆ. ಎದುರಿಗೆ ಕೂತ ಮಗಳು ಕಣ್ಣೆತ್ತಿ ನೋಡಲ್ಲ, ಹಾಳೆ ಮೇಲೆ ಒಂದು ಚಮಚ ಹೂರಣ ಉದ್ದಕ್ಕೆ ಹರಡಿ ಎರಡು ಸಲ ಮಡಿಚಿ ಸುತ್ತಿ ತಟ್ಟೆಗೆ ಸರಿಸ್ತಾಳೆ. ಅಜ್ಜಿ ಬೆರಳ ತುದಿ ಹಬೆಗೆ ಕೆಂಪಗೆ ಮೆತ್ತಗಾಗಿ ಹೋಗಿವೆ, ಬಿಸಿ ತಟ್ಟಲ್ವಾ ಅಂತ ಕೇಳಿದ್ರೆ ಬೆರಳು ತೋರ್ಸಿ ನಗ್ತಾರೆ. ಎರಡು ಪಾತ್ರೆ ಒಟ್ಟಿಗೆ ನಡೆಸ್ತಾರೆ, ಒಂದರ ಮುಚ್ಚಳ ತೆಗೆಯೋ ಹೊತ್ತಿಗೆ ಇನ್ನೊಂದು ಬೆಂದಿರುತ್ತೆ. ಈ ಕೆಲಸ ಮೊಮ್ಮಗಳಿಗೆ ಇನ್ನೂ ಪೂರ್ತಿ ಕೈಗೆ ಬಂದಿಲ್ಲ, ಅವಳು ಹಾಕಿದ ಹಾಳೆ ದಪ್ಪ ಆದ್ರೆ ಅಜ್ಜಿ ಅದನ್ನ ಗಿರಾಕಿಗೆ ಕೊಡಲ್ಲ, ಪಕ್ಕಕ್ಕಿಟ್ಟು ಆಮೇಲೆ ಮನೆಯವರೇ ತಿಂತಾರೆ.

ಹೂರಣಕ್ಕೆ ಸಾಮಾನ್ಯವಾಗಿ ಹಂದಿ ಮಾಂಸದ ಕೈಮ, ಮರದ ಮೇಲೆ ಬೆಳೆಯೋ ಕಪ್ಪು ಅಣಬೆ ಸಣ್ಣಗೆ ಹೆಚ್ಚಿದ್ದು, ಈರುಳ್ಳಿ, ಮೆಣಸಿನ ಪುಡಿ, ಅಂದ್ರೆ ಕರಿಮೆಣಸು. ಆ ಅಣಬೆ ಹಲ್ಲಿಗೆ ಕರುಕರು ಅನ್ನುತ್ತೆ, ಹಾಳೆ ಮಾತ್ರ ನಾಲಿಗೆ ಮೇಲೆ ಕರಗುತ್ತೆ, ಈ ಎರಡೂ ಒಟ್ಟಿಗೆ ಸಿಗೋದೇ ಇದರ ಸುಖ. ಮೇಲೆ ಹೊಂಬಣ್ಣಕ್ಕೆ ಹುರಿದ ಸಾಂಬಾರ್ ಈರುಳ್ಳಿ ಧಾರಾಳವಾಗಿ ಉದುರಿಸಿ ಕತ್ತರಿಯಲ್ಲಿ ತುಂಡು ಮಾಡಿ ಕೊಡ್ತಾರೆ. ಪಕ್ಕದಲ್ಲಿ ಕೊತ್ತಂಬರಿ, ಪುದೀನ, ಇಲ್ಲಿಯ ತುಳಸಿ ಜಾತಿ ಸೊಪ್ಪು, ಬೇಕಂದೋರಿಗೆ ಚಕ್ಕೆ ಹಾಕಿ ಸುಟ್ಟ ಹಂದಿಮಾಂಸದ ಚಾ ಕ್ವೆ ಹೋಳು. ಅದ್ದಿ ತಿನ್ನೋಕೆ ಬಟ್ಟಲಲ್ಲಿ ನುವಕ್ ಚಾಮ್, ಮೀನಿನ ಸಾಸು ನೀರು ಸಕ್ಕರೆ ವಿನೆಗರ್ ಬೆರೆಸಿದ್ದು, ಅದಕ್ಕೆ ನಿಂಬೆ, ಮೆಣಸಿನಕಾಯಿ ನಾವೇ ಹಾಕ್ಕೋಬೇಕು. ಡಿಸೆಂಬರ್ ಜನವರಿ ಚಳಿಯಲ್ಲಿ ಆ ಬಟ್ಟಲು ಬೆಚ್ಚಗೆ ಮಾಡಿ ಕೊಡ್ತಾರೆ. ಉಪ್ಪು ಹುಳಿ ಸಿಹಿ ಖಾರ ನಾಲ್ಕೂ ಅದರಲ್ಲೇ ಇರೋದು, ಹಾಳೆಗೆ ತಾನಾಗಿ ಅಂಥಾ ರುಚಿ ಇಲ್ಲ, ಹಾಗಾಗಿ ಅಂಗಡಿ ಒಳ್ಳೇದೋ ಅಲ್ವೋ ಅನ್ನೋದನ್ನ ಇಲ್ಲಿಯವರು ಬಟ್ಟಲು ನೋಡೇ ತೀರ್ಮಾನ ಮಾಡ್ತಾರೆ.

ಈಗ ಸಸ್ಯಾಹಾರಿಗಳ ವಿಷಯ, ಯಾಕಂದ್ರೆ ನಿಮ್ಮ ಓದುಗರಲ್ಲಿ ಬಹಳ ಜನ ಅವರೇ, ನಮ್ಮ ಅತ್ತೇನೂ ಅವರಲ್ಲೊಬ್ಬರು. ಏನೂ ಸಿಗಲ್ಲ ಅನ್ನೋದು ಸುಳ್ಳು, ಎಲ್ಲಾ ಸಿಗುತ್ತೆ ಅನ್ನೋದೂ ಸುಳ್ಳು, ಸರಿಯಾಗಿ ತಿಳ್ಕೊಂಡು ಹೋಗ್ಬೇಕು ಅಷ್ಟೇ. ಮಾಮೂಲಿ ಅಂಗಡಿಯಲ್ಲಿ ಹೂರಣ ಇಲ್ಲದ ಬರೀ ಹಾಳೆ ಕೇಳಿದ್ರೆ ಕೊಡ್ತಾರೆ, ಆದ್ರೆ ಹುರಿದ ಈರುಳ್ಳಿ ಕೆಲವು ಕಡೆ ಹಂದಿ ಕೊಬ್ಬಲ್ಲಿ ಹುರಿದಿರ್ತಾರೆ, ಬಟ್ಟಲಲ್ಲಿ ಮೀನಿನ ಸಾಸು ಇದ್ದೇ ಇರುತ್ತೆ, ಕಡ್ಡಿ ತಟ್ಟೆ ಎಲ್ಲಾ ಒಂದೇ. ಇದು ನಡೆಯೋರಿಗೆ ನಡೆಯುತ್ತೆ. ಮೊಟ್ಟೆ ತಿನ್ನೋರಾದ್ರೆ ಹಾಳೆ ಮೇಲೇ ಮೊಟ್ಟೆ ಒಡೆದು ಬೇಯಿಸಿ ಕೊಡೋದೂ ಉಂಟು. ಕಟ್ಟುನಿಟ್ಟಾಗಿ ಇರೋರು "ಚಾಯ್" (CHAY) ಅಂತ ಬೋರ್ಡ್ ಇರೋ ಅಂಗಡಿಗೇ ಹೋಗ್ಬೇಕು, ಚಾಯ್ ಅಂದ್ರೆ ಇಲ್ಲಿ ಟೀ ಅಲ್ಲ, ಸಸ್ಯಾಹಾರ. ಇಲ್ಲಿ ಬೌದ್ಧರು ಬಹಳ ಜನ ಚಾಂದ್ರಮಾನ ತಿಂಗಳ ಮೊದಲನೇ ದಿನ ಮತ್ತೆ ಹುಣ್ಣಿಮೆ ದಿನ ಮಾಂಸ ಮೀನು ಮುಟ್ಟಲ್ಲ, ಅದಕ್ಕಂತಾನೇ ಚಾಯ್ ಅಂಗಡಿಗಳಿವೆ. ಅಲ್ಲಿ ಹೂರಣಕ್ಕೆ ಅಣಬೆ, ಕ್ಯಾರೆಟ್, ಸೋಯಾ ಪನೀರು, ಬಟ್ಟಲಲ್ಲೂ ಮೀನಿಲ್ಲದ ಸಾಸು. ಬಾಯಲ್ಲಿ ಹೇಳೋಕೆ ಬರ್ದಿದ್ರೆ "ತೋಯ್ ಆನ್ ಚಾಯ್", ನಾನು ಸಸ್ಯಾಹಾರಿ ಅಂತ, ಅಷ್ಟು ಕಲ್ತ್ಕೊಂಡ್ರೆ ಸಾಕು. ನಮ್ಮ ಗಲ್ಲಿ ಅಂಗಡಿಯಲ್ಲಿ ಅತ್ತೆಗೋಸ್ಕರ ಅಜ್ಜಿ ಬೆಳಗ್ಗೆ ಮೊದಲನೇ ಪಾತ್ರೆಗೆ ಹೊಸ ಬಟ್ಟೆ ಕಟ್ಟಿ ಎಳ್ಳು ಕಡ್ಲೇಕಾಯಿ ಪುಡಿ ಹಾಕಿ ಕೊಟ್ಟಿದ್ರು, ನಾವು ಕೇಳಿರ್ಲಿಲ್ಲ, ಚಾಯ್ ಅಂದ ತಕ್ಷಣ ಅವರಿಗೇ ಅರ್ಥ ಆಗಿತ್ತು. ಇಂಥ ಜನರ ಊರನ್ನ ತಿನ್ನೋಕೆ ಏನೂ ಸಿಗದ ಊರು ಅಂತ ಬರೆದ್ರೆ ಹೇಗೆ ಹೇಳಿ.

ಒಂದೊಂದು ಊರಲ್ಲೂ ಒಂದೊಂದು ಥರ ಇದೆ. ಹನೋಯ್ ಪಕ್ಕ ಕೆಂಪು ನದಿ ದಂಡೆಯಲ್ಲಿ ಥಾನ್ ಚೀ ಅಂತ ಹಳ್ಳಿ, ಈಗ ನಗರದೊಳಗೇ ಸೇರ್ಕೊಂಡಿದೆ, ಅಲ್ಲಿಯದು ಹೂರಣ ಇಲ್ಲದ ತೆಳ್ಳನೆ ಹಾಳೆ, ಎಣ್ಣೆ ಈರುಳ್ಳಿ ಸವರಿ ಒಂದರ ಮೇಲೊಂದು ಜೋಡಿಸಿರ್ತಾರೆ, ಹಿಂದೆ ಹೆಂಗಸರು ತಲೆ ಮೇಲೆ ಬುಟ್ಟಿ ಹೊತ್ಕೊಂಡು ಪೇಟೆ ಸುತ್ತಿ ಮಾರ್ತಿದ್ರು. ಚೀನಾ ಗಡಿ ಕಡೆ ಕಾವ್ ಬಾಂಗ್, ಲಾಂಗ್ ಸೋನಲ್ಲಿ ಅದ್ದೋಕೆ ಸಾಸ್ ಬದಲು ಮೂಳೆ ಬೇಯಿಸಿದ ಬಿಸಿ ಸಾರು ಕೊಡ್ತಾರೆ. ಫು ಲೀಯಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸದ ಜೊತೆ. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ಹೋದ್ರಲ್ಲ, ಅವರ ಜೊತೆ ಇದೂ ಸೈಗಾನಿಗೆ, ಅಂದ್ರೆ ಈಗಿನ ಹೋ ಚಿ ಮಿನ್ ನಗರಕ್ಕೆ, ಹೋಯ್ತು, ಅಲ್ಲಿ ಮೊಳಕೆ ಕಾಳು ಸೇರ್ಕೊಂಡು ಸಾಸು ಸ್ವಲ್ಪ ಸಿಹಿ ಆಯ್ತು. 1975ರಲ್ಲಿ ಯುದ್ಧ ಮುಗಿದ ನಂತರ ದೇಶ ಬಿಟ್ಟವರ ಜೊತೆ ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್, ಗಾರ್ಡನ್ ಗ್ರೋವ್ ತನಕ ಹೋಗಿದೆ, ಅಮೆರಿಕದಲ್ಲಿರೋ ಕನ್ನಡದವರು ಆ ಕಡೆ ಇದ್ರೆ ಅಲ್ಲೇ ಹುಡುಕ್ಬಹುದು.

ಅಂಗಡಿ ಅಜ್ಜಿ ಹೇಳೋ ಹಳೇ ಕಥೆ ಅಂದ್ರೆ ರೇಷನ್ ಕಾಲದ್ದು. ಯುದ್ಧ ಮುಗಿದ್ಮೇಲೂ ಸುಮಾರು ವರ್ಷ ಅಕ್ಕಿ ಮಾಂಸ ಎಲ್ಲದಕ್ಕೂ ಚೀಟಿ ಹಿಡ್ಕೊಂಡು ಕ್ಯೂ ನಿಲ್ಬೇಕಿತ್ತು, ಸ್ವಂತ ವ್ಯಾಪಾರ ಮಾಡೋಕೆ ಜಾಗಾನೇ ಇರ್ಲಿಲ್ಲ. 1986ರಲ್ಲಿ ದೋಯ್ ಮೋಯ್ ಅಂತ ಆರ್ಥಿಕ ಸುಧಾರಣೆ ಬಂತು, ಆಮೇಲೆ ಜನ ಮನೆ ಮುಂದಿನ ಕೋಣೇನೇ ಅಂಗಡಿ ಮಾಡ್ಕೊಂಡ್ರು. ಅಜ್ಜಿ ಅಮ್ಮನಿಂದ ಕಲಿತಿದ್ದು ಈ ಒಂದೇ ತಿಂಡಿ, ಅದನ್ನೇ ಶುರು ಮಾಡಿದ್ರು, ಮಕ್ಕಳ ಓದು, ಮನೆ ಮೇಲಿನ ಮಹಡಿ ಎಲ್ಲಾ ಅದರಿಂದಾನೇ ಆಗಿದ್ದು. ಬೇರೆ ತಿಂಡಿ ಸೇರಿಸಿ ಅಂತ ಯಾರಾದ್ರೂ ಅಂದ್ರೆ ಅವರು ಕೇಳಲ್ಲ. ನಂಗೆ ಅದು ಸರಿ ಅನ್ಸುತ್ತೆ, ಒಂದೇ ತಿಂಡಿಗೆ ಇಡೀ ಆಯುಷ್ಯ ಕೊಟ್ಟವರ ಕೈಯಲ್ಲಿ ಮಾತ್ರ ಆ ಹಾಳೆ ಅಷ್ಟು ತೆಳ್ಳಗೆ ಬರೋದು.

2023ರಲ್ಲಿ ಒಳ್ಳೇ ಹೋಟೆಲ್ ಊಟ ಆರಿಸಿ ಪಟ್ಟಿ ಮಾಡೋ ಮಿಶೆಲಿನ್ ಗೈಡ್ ಹನೋಯ್, ಸೈಗಾನಿಗೆ ಬಂತು, ಬೀದಿ ಅಂಗಡಿಗಳಿಗೂ ಹೆಸರು ಸಿಕ್ತು, ಸಂತೋಷ. ಆದ್ರೆ ಅದಾದ್ಮೇಲೆ ಟೂರಿಸ್ಟ್‌ಗಳೆಲ್ಲಾ ಅದೇ ನಾಲ್ಕು ಬಾಗಿಲ ಮುಂದೆ ಸಾಲು ನಿಲ್ತಾರೆ. ನಾನು ಹೇಳೋದು, ಸಾಲು ನಿಲ್ಲೋ ಬದಲು ನೀವಿರೋ ಹೋಟೆಲ್ ಗಲ್ಲೀಲೇ ನೋಡಿ. ಮುಂದೆ ಹಬೆ ಏಳೋ ಪಾತ್ರೆ ಕಾಣ್ಬೇಕು, ಕೂತೋರಲ್ಲಿ ಶಾಲೆ ಯೂನಿಫಾರ್ಮ್ ಮಕ್ಕಳು ಇರ್ಬೇಕು, ಆಫೀಸಿಗೆ ಹೊರಟೋರು ಬೈಕ್ ನಿಲ್ಸಿ ತಿಂತಿರ್ಬೇಕು. ಪಾತ್ರೆ ಇಲ್ದೆ ಬರೀ ಸುತ್ತಿಟ್ಟಿದ್ದನ್ನ ಮಾರೋ ಕಡೆ ಹೋಗ್ಬೇಡಿ, ಮಿಷಿನ್ ಹಾಳೆ ತಂದು ಮಾರೋರೂ ಇದಾರೆ, ಅದು ದಪ್ಪ ಇರುತ್ತೆ, ರಬ್ಬರ್ ಥರ ಎಳೆಯುತ್ತೆ.

ಇನ್ನೊಂದು ವಿಷಯ ನಿಮ್ಮ ವಾಣಿಜ್ಯ ಪುಟದವರು ಬರೆದ್ರೂ ಒಳ್ಳೇದೇ. ಇಂಥ ಮನೆ ಅಂಗಡಿಗಳ ಮೇಲೆ ಈಗ ಎಲ್ಲಾ ಕಡೆಯಿಂದ ಒತ್ತಡ. 2017ರಲ್ಲಿ ಫುಟ್‌ಪಾತ್ ತೆರವು ಅಂತ ಸ್ಟೂಲುಗಳನ್ನೆಲ್ಲಾ ಒಳಗೆ ಹಾಕ್ಸಿದ್ರು. ಹೊಗೆ ಅಂತ ಜೇನುಗೂಡಿನ ಥರ ತೂತು ಇರೋ ಕಲ್ಲಿದ್ದಲು ಬಿಲ್ಲೆ ಬಿಡಿ ಅಂದ್ರು, ಅದು ಒಳ್ಳೇ ಕೆಲಸವೇ, ಈ ಊರಿನ ಗಾಳಿ ಕುಡಿಯೋ ನಮಗೆ ಗೊತ್ತು, ಅಜ್ಜೀನೂ ಗ್ಯಾಸಿಗೆ ಬದಲಾದ್ರು, ಖರ್ಚು ಮಾತ್ರ ಏರಿತು. 2025ರ ಜೂನಿಂದ ವರ್ಷಕ್ಕೆ 100 ಕೋಟಿ ಡಾಂಗ್ ವಹಿವಾಟು ದಾಟೋ ಅಂಗಡಿಗಳು, ನಮ್ಮ ದುಡ್ಡಲ್ಲಿ ಹೆಚ್ಚುಕಮ್ಮಿ 30-35 ಲಕ್ಷ ರೂಪಾಯಿ, ತೆರಿಗೆ ಇಲಾಖೆಗೆ ಕನೆಕ್ಟ್ ಆಗಿರೋ ಮಿಷಿನಲ್ಲಿ ಬಿಲ್ ಕೊಡ್ಬೇಕು ಅಂತಾಯ್ತು, 2026ರ ಜನವರಿಯಿಂದ ಅಂದಾಜಿನ ಮೇಲೆ ಒಟ್ಟಾಗಿ ಕಟ್ತಿದ್ದ ಹಳೇ ತೆರಿಗೆ ಪದ್ಧತೀನೇ ಹೋಯ್ತು. ಆ ಜೂನಲ್ಲಿ ಕೆಲವು ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ಅಂದಿದ್ವು. ಮರು ತಿಂಗಳೇ ನಮ್ಮ ಬೆಂಗಳೂರಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ನೋ ಯುಪಿಐ ಅಂತ ಚೀಟಿ ಅಂಟಿಸಿದ ಸುದ್ದಿ ನಿಮ್ಮ ಪತ್ರಿಕೇಲೇ ಓದಿದೆ. ತೆರಿಗೆ ಕಟ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಹದ ಮಾಡೋ ಅರವತ್ತು ದಾಟಿದ ಹೆಂಗಸಿಗೆ ಆ ಮಿಷಿನ್ ಒತ್ತೋಕೆ ಹೇಳ್ಕೊಡೋರು ಬೇಕಲ್ವಾ, ಅದನ್ನ ಇಲ್ಲಿ ಮೊಮ್ಮಗಳು ಮಾಡಿದ್ಲು, ಮೊಮ್ಮಗಳು ಇಲ್ಲದ ಮನೆಗಳು ಏನ್ ಮಾಡ್ಬೇಕು. ಇದನ್ನ ಎರಡೂ ಊರಿನ ಸರ್ಕಾರ ಯೋಚನೆ ಮಾಡ್ಬೇಕು ಅಂತ ನನ್ನ ಅಭಿಪ್ರಾಯ.

ಸಂಪಾದಕರೆ, ನನ್ನ ಕೋರಿಕೆ ಇಷ್ಟೇ. ಪ್ರವಾಸದ ಪುಟದಲ್ಲಿ ಊಟಕ್ಕೂ ನಾಲ್ಕು ಪ್ಯಾರಾ ಕೊಡಿ, ಬರೆಯೋರು ಅಲ್ಲಿ ಕೂತು ತಿಂದು ಬರೀಲಿ. ಟೂರ್ ನಡೆಸೋರು ಈ ಪತ್ರ ಓದಿದ್ರೆ ಅವರಿಗೂ ಒಂದು ಮಾತು, ಹನೋಯಲ್ಲಿ ಒಂದು ದಿನದ ಬಫೆ ಬಿಟ್ಟು ಜನರನ್ನ ಹತ್ತತ್ತರ ಗುಂಪು ಮಾಡಿ ಬೇರೆ ಬೇರೆ ಅಂಗಡಿಗೆ ಕಳ್ಸಿ, ನಲವತ್ತು ಜನ ಒಂದೇ ಅಂಗಡಿಗೆ ನುಗ್ಗಿದ್ರೆ ಅಲ್ಲಿ ದಿನಾ ತಿನ್ನೋರಿಗೆ ಜಾಗ ಇರಲ್ಲ. ಒಂದು ತಟ್ಟೆಗೆ 30ರಿಂದ 50 ಸಾವಿರ ಡಾಂಗ್ ಆಗುತ್ತೆ, ನೂರರಿಂದ ನೂರೈವತ್ತು ನೂರೆಪ್ಪತ್ತು ರೂಪಾಯಿ, ದಯವಿಟ್ಟು ಅದರಲ್ಲಿ ಚೌಕಾಸಿ ಮಾಡ್ಬೇಡಿ. ಬೆಳಗ್ಗೆ ಎಂಟರೊಳಗೆ ಹೋಗಿ, ಹತ್ತು ಹತ್ತೂವರೆಗೆ ಹಿಟ್ಟು ಮುಗಿದು ಬಾಗಿಲು ಎಳೀತಾರೆ. ಟೆಟ್ ಹಬ್ಬದ ವಾರ, ಅಂದ್ರೆ ಜನವರಿ 21ರಿಂದ ಫೆಬ್ರವರಿ 20ರೊಳಗೆ ಬರೋ ಅವರ ಹೊಸ ವರ್ಷ, ಆಗ ಬಹಳ ಜನ ಅಂಗಡಿ ಮುಚ್ಚಿ ಊರಿಗೆ ಹೋಗಿರ್ತಾರೆ, ಆ ದಿನಗಳಲ್ಲಿ ಟಿಕೆಟ್ ಮಾಡಿಸ್ಬೇಡಿ. ಅಕ್ಟೋಬರ್ ನವೆಂಬರಲ್ಲಿ ಬಂದ್ರೆ ಮಳೇನೂ ಕಮ್ಮಿ, ಸೆಕೇನೂ ಇರಲ್ಲ.

ಇತಿ,
ತೀರ್ಥಹಳ್ಳಿ ಕಡೆಯ ನಿಮ್ಮ ಓದುಗಿ,
ಹನೋಯ್